ಫಿಲೇಚರ್‌ನಿಂದ ಫಿಲಮೆಂಟ್‌ವರೆಗೆ: ಕಠಿಣ ಇಂಗ್ಲಿಷ್ ಪದಗಳು ಕೈಲಾಂಚಕ್ಕೆ ಎಷ್ಟು ದೂರ?

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾದುದು. ಅಲ್ಲಿಗೆ ಗೂಡು ತರುವ ಕೈಲಾಂಚ ಹೋಬಳಿಯ ರೈತರ ಮಾತಿನಲ್ಲಿ ಕೆಲವು ಇಂಗ್ಲಿಷ್ ಪದಗಳು ಸಹಜವಾಗಿ ಬೆರೆತುಹೋಗಿವೆ: ಬೈವೋಲ್ಟೈನ್, ಫಿಲೇಚರ್, ರೀಲರ್, ಪ್ಯೂಪಾ. ನೂಲು ಬಿಚ್ಚಾಣಿಕೆ ಮಾಡುವವರು ಡೆನಿಯರ್ ಎಂಬ ಮತ್ತೊಂದನ್ನು ಸೇರಿಸುತ್ತಾರೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬೆಳೆದ ಪದವೀಧರರನ್ನು ಕೇಳಿದರೂ ಇವುಗಳಲ್ಲಿ ಎರಡು ಮೂರಕ್ಕೆ ಅರ್ಥ ಹೇಳಲು ತಡವರಿಸುವ ಸಂಭವವೇ ಹೆಚ್ಚು. ಹಾಗಿದ್ದೂ ಅದೇ ರೈತರ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಕಾಲಿಟ್ಟಾಗ, ತಮಗೆ ಇಂಗ್ಲಿಷ್ ಪದಗಳೇ ಬಾರವೆಂಬ ಅಳುಕಿನಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾರೆ.

ಈ ಅಳುಕು ಕೇವಲ ಮಾನಸಿಕವಾದುದಲ್ಲ. ಪಿಯುಸಿ ವಿಜ್ಞಾನದ ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲಿವೆ; ಬ್ಯಾಂಕ್ ಹುದ್ದೆಗಳ ಪರೀಕ್ಷೆಯಲ್ಲಿ ಇಂಗ್ಲಿಷಿಗೆಂದೇ ಪ್ರತ್ಯೇಕ ವಿಭಾಗವಿದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ನೇ ಸಾಲಿನಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆಯಾದರೂ, ಒಂದು ಭಾಷೆಯಾಗಿ ಕಲಿತ ಇಂಗ್ಲಿಷಿಗೂ ಎಲ್ಲ ವಿಷಯಗಳನ್ನೂ ಅದರಲ್ಲೇ ಓದಬೇಕಾದ ಇಂಗ್ಲಿಷಿಗೂ ನಡುವೆ ದೊಡ್ಡ ಕಂದಕವಿದೆ. ಹತ್ತನೆಯ ತರಗತಿಯಲ್ಲಿ ಮೊದಲ ಸಾಲಿನಲ್ಲಿದ್ದವರು ಹನ್ನೊಂದರಲ್ಲಿ ಹಿಂದೆ ಬೀಳುವುದು ಅಲ್ಲೇ.

ಅಡ್ಡಿಯಾಗುವ ಪದಗಳು ಯಾವುವು?

ಕಠಿಣ ಪದವೆಂದೊಡನೆ ಹಲವರ ಕಣ್ಣಮುಂದೆ ಬರುವುದು ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಕೊನೆಯಲ್ಲಿ ಅಕಾರಾದಿಯಾಗಿ ಜೋಡಿಸಿದ ಪಟ್ಟಿ. 'ಗ್ಯಾರುಲಸ್', 'ಲೋಕ್ವೇಷಿಯಸ್', 'ಪಲ್ಕ್ರಿಟ್ಯೂಡ್' ಮುಂತಾದ, ಇಂಗ್ಲಿಷರೇ ವರ್ಷಕ್ಕೊಮ್ಮೆ ಬಳಸಿದರೆ ಹೆಚ್ಚೆನಿಸುವ ಪದಗಳು ಅಲ್ಲಿ ಮೆರೆಯುತ್ತವೆ. ವಿಜ್ಞಾನದ ವಿದ್ಯಾರ್ಥಿಯನ್ನು ನಿಜವಾಗಿ ಎಡವಿಸುವುದು ಇವಲ್ಲ. 'ರೆಸ್ಪೆಕ್ಟಿವ್ಲಿ', 'ಅಡ್ಜಸೆಂಟ್', 'ಡಿರೈವ್', 'ಕನ್ಸೆಕ್ಯುಟಿವ್', 'ಅಸ್ಯೂಮ್', 'ಸಿಗ್ನಿಫಿಕೆಂಟ್' ಮೊದಲಾದ ನಡುಮಟ್ಟದ ಪದಗಳೇ ಪ್ರಶ್ನೆಯ ಅರ್ಥವನ್ನು ಮುಚ್ಚಿಡುತ್ತವೆ. ಲೆಕ್ಕ ಗೊತ್ತಿದ್ದೂ ಪ್ರಶ್ನೆ ಏನನ್ನು ಕೇಳುತ್ತಿದೆ ಎಂಬುದು ತಿಳಿಯದೆ ಕುಳಿತುಕೊಳ್ಳುವ ಸಂಕಟ ಕನ್ನಡ ಮಾಧ್ಯಮದಿಂದ ಬಂದ ಅನೇಕರಿಗೆ ಪರಿಚಿತ.

ಭಾಷಾಶಾಸ್ತ್ರಜ್ಞೆ ಎವರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇಂತಹ 570 ಪದಕುಟುಂಬಗಳಿವೆ. ಕಾಲೇಜು ಮಟ್ಟದ ಯಾವುದೇ ವಿಷಯದ ಪಠ್ಯದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪದ ಈ ಪಟ್ಟಿಯದೇ ಆಗಿರುತ್ತದೆ. ಇಂಗ್ಲಿಷ್ ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕೆಂದು ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದರು. ಇಲ್ಲಿ ಗಮನಿಸಬೇಕಾದುದು 'ಕುಟುಂಬ' ಎಂಬ ಮಾತು. 'ಡಿರೈವ್' ಕಲಿತವನಿಗೆ 'ಡೆರಿವೇಟಿವ್', 'ಡೆರಿವೇಷನ್' ಪ್ರತ್ಯೇಕ ಹೊರೆಯಾಗಬೇಕಿಲ್ಲ. ಒಂಬತ್ತು ಸಾವಿರ ಮನೆಗಳಿಗೆ ದಾರಿ ಹುಡುಕುವುದಕ್ಕಿಂತ ನೂರಿನ್ನೂರು ಬೀದಿಗಳನ್ನು ಗುರುತಿಟ್ಟುಕೊಳ್ಳುವುದು ಸುಲಭ.

ಒಂದು ಪದಕ್ಕೆ ಒಂದೇ ಅರ್ಥವೆಂಬ ಭ್ರಮೆ

ಪಟ್ಟಿಗಳ ದೊಡ್ಡ ದೋಷವೆಂದರೆ ಅವು ಪ್ರತಿ ಇಂಗ್ಲಿಷ್ ಪದದ ಎದುರು ಒಂದೇ ಕನ್ನಡ ಪದವನ್ನಿಟ್ಟು ಮುಂದೆ ಸಾಗುತ್ತವೆ. 'ಸ್ಯಾಂಕ್ಷನ್' ಎಂಬ ಪದವನ್ನೇ ನೋಡಬಹುದು. ಸಹಕಾರ ಸಂಘದಲ್ಲಿ ಸಾಲ 'ಸ್ಯಾಂಕ್ಷನ್' ಆಯಿತೆಂದರೆ ಹಳ್ಳಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಮಂಜೂರಾತಿ ಸಿಕ್ಕಿತು. ಅದೇ ವ್ಯಕ್ತಿ ಇಂಗ್ಲಿಷ್ ಪತ್ರಿಕೆಯಲ್ಲಿ ರಷ್ಯಾದ ಮೇಲೆ ಅಮೆರಿಕ 'ಸ್ಯಾಂಕ್ಷನ್' ವಿಧಿಸಿತೆಂದು ಓದಿದಾಗ ಗೊಂದಲಕ್ಕೆ ಬೀಳುತ್ತಾನೆ. ಅಲ್ಲಿ ಅದು ನಿರ್ಬಂಧ, ಶಿಕ್ಷೆ. ಅಧಿಕಾರಯುತವಾದ ಕಟ್ಟುಪಾಡು ಎಂಬ ಮೂಲಭಾವದಿಂದ ಒಂದು ಕವಲು ಅನುಮತಿಯತ್ತ, ಇನ್ನೊಂದು ದಂಡನೆಯತ್ತ ಹೋಗಿದೆ. ಒಂದೇ ಅರ್ಥ ಕೊಡುವ ಪಟ್ಟಿಯಿಂದ ಇದು ತಿಳಿಯುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ತೊಡಕೂ ಉಂಟು. 'ಫ್ರೂಗಲ್', 'ಥ್ರಿಫ್ಟಿ', 'ಸ್ಟಿಂಜಿ', 'ಮೈಸರ್ಲಿ' ಈ ನಾಲ್ಕಕ್ಕೂ ಅಗ್ಗದ ಕೈಪಿಡಿಗಳು 'ಜಿಪುಣ' ಎಂಬ ಒಂದೇ ಪದವನ್ನು ಹಂಚಿಬಿಡುತ್ತವೆ. ಉದ್ಯೋಗದ ಸಂದರ್ಶನದಲ್ಲಿ ತನ್ನ ತಂದೆಯ ಮಿತವ್ಯಯವನ್ನು ಹೊಗಳಲು ಹೊರಟ ಅಭ್ಯರ್ಥಿ 'ಸ್ಟಿಂಜಿ' ಎಂದರೆ ಹೊಗಳಿಕೆ ಬೈಗುಳವಾಗುತ್ತದೆ. ಕನ್ನಡಕ್ಕೆ ಈ ತಾರತಮ್ಯ ಗೊತ್ತಿಲ್ಲವೆಂದೇನೂ ಅಲ್ಲ. ಮಿತವ್ಯಯಿ, ಹಿಡಿತದ ಮನುಷ್ಯ, ಕೈಬಿಗಿ, ಜಿಪುಣ, ಜುಗ್ಗ ಎಂದು ಮೆಚ್ಚುಗೆಯಿಂದ ತಿರಸ್ಕಾರದವರೆಗಿನ ಮೆಟ್ಟಿಲುಗಳೆಲ್ಲ ಇಲ್ಲೂ ಇವೆ. ಯಾವ ಇಂಗ್ಲಿಷ್ ಪದ ಯಾವ ಮೆಟ್ಟಿಲಿನ ಮೇಲೆ ನಿಂತಿದೆ ಎಂದು ಕನ್ನಡದಲ್ಲೇ ಯೋಚಿಸಿ ಕೂರಿಸಿದರೆ ಪದ ಮನಸ್ಸಿನಲ್ಲಿ ನಿಲ್ಲುತ್ತದೆ. ಇಂಗ್ಲಿಷ್ ಕಲಿಯಲು ಕನ್ನಡವನ್ನು ಮರೆಯಬೇಕೆಂಬ, ನಗರದ ಕೆಲವು ತರಬೇತಿ ಕೇಂದ್ರಗಳ ಉಪದೇಶ ಈ ಕಾರಣಕ್ಕೇ ತಪ್ಪುದಾರಿಯದು.

ನೂಲಿನ ಎಳೆ ಹಿಡಿದು

ಅಮೆರಿಕದ ನಾರ್ಮನ್ ಲೂಯಿಸ್ 1949ರಲ್ಲಿ ಬರೆದ 'ವರ್ಡ್ ಪವರ್ ಮೇಡ್ ಈಸಿ' ಇಂದಿಗೂ ಬೆಂಗಳೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕಾಣಸಿಗುತ್ತದೆ. ಕೊಂಡವರಲ್ಲಿ ಬಹುತೇಕರು ಮೊದಲ ಮೂರು ಅಧ್ಯಾಯಗಳನ್ನು ದಾಟುವುದಿಲ್ಲವೆಂಬುದು ಬೇರೆ ಮಾತು. ಲ್ಯಾಟಿನ್, ಗ್ರೀಕ್ ಧಾತುಗಳನ್ನು ಹಿಡಿದು ಪದಗಳ ಸಮೂಹವನ್ನೇ ಪರಿಚಯಿಸುವ ಆ ಪುಸ್ತಕದ ಕ್ರಮ ಸರಿಯಾದುದೇ. ಆದರೆ ಲೂಯಿಸ್ ಆ ಧಾತುಗಳನ್ನು ತೂಗುಹಾಕಿದ ಗೂಟಗಳು ಅಮೆರಿಕದ ನಗರಜೀವನದವು: ಮನುಷ್ಯರ ಸ್ವಭಾವಭೇದಗಳು, ಬಗೆಬಗೆಯ ತಜ್ಞವೈದ್ಯರು. ಕೈಲಾಂಚದ ವಿದ್ಯಾರ್ಥಿಗೆ ಬೇಕಾದ ಗೂಟಗಳು ಮನೆಯ ಹುಳುಮನೆಯಲ್ಲೇ ಇವೆ.

'ಫಿಲೇಚರ್' ಎಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ. ಲ್ಯಾಟಿನ್ನಿನಲ್ಲಿ 'ಫೀಲುಮ್' ಎಂದರೆ ನೂಲು, ಎಳೆ. ವಿದ್ಯುತ್ ಬಲ್ಬಿನೊಳಗಿನ ತೆಳು ತಂತಿ 'ಫಿಲಮೆಂಟ್' ಆದುದು ಅದರಿಂದಲೇ. ಕಚೇರಿಯ 'ಫೈಲ್' ಕೂಡ ಮೂಲದಲ್ಲಿ ಕಾಗದಗಳನ್ನು ಪೋಣಿಸಿಡುವ ದಾರ ಅಥವಾ ತಂತಿ. ಹಳೆಯ ಅಂಗಡಿಗಳಲ್ಲಿ ರಸೀದಿಗಳನ್ನು ಚುಚ್ಚಿ ನೇತುಹಾಕುತ್ತಿದ್ದ ಕಬ್ಬಿಣದ ತಂತಿಯನ್ನು ನೆನೆದರೆ ಸಾಕು. ಎಳೆಯಂತಹ ಗೆರೆಯಲ್ಲಿ ಮುಖದ ಅಂಚನ್ನು ಬರೆಯುವುದು 'ಪ್ರೊಫೈಲ್'. ಮೊಬೈಲಿನಲ್ಲಿ ದಿನಕ್ಕೆ ಹತ್ತು ಬಾರಿ ಕಾಣುವ ಈ ಪದಕ್ಕೂ ರಾಮನಗರದ ನೂಲಿಗೂ ಒಂದೇ ಬೇರು.

'ಬೈವೋಲ್ಟೈನ್' ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ಇದನ್ನು 'ದ್ವಿತಳಿ' ಎಂದು ಅನುವಾದಿಸಲಾಗಿದೆ. ಪಕ್ಕದಲ್ಲೇ 'ಮಿಶ್ರತಳಿ' ಎಂಬ ಪದವೂ ಇರುವುದರಿಂದ, ಹೊಸಬರು ಎರಡು ತಳಿಗಳನ್ನು ಬೆರೆಸಿದ್ದು ದ್ವಿತಳಿ ಎಂದು ಭಾವಿಸುವ ಅಪಾಯವಿದೆ. ಹೆಚ್ಚು ಒಪ್ಪುವ ಪದವನ್ನು ಟಂಕಿಸಬಹುದಿತ್ತು. ಇಟಾಲಿಯನ್ ಭಾಷೆಯ 'ವೋಲ್ಟಾ' ಎಂದರೆ ಸುತ್ತು, ಸಲ. ವರ್ಷಕ್ಕೆ ಎರಡು ಸುತ್ತು ಪೀಳಿಗೆ ಪೂರೈಸುವ ಹುಳು ಬೈವೋಲ್ಟೈನ್, ಹಲವು ಸುತ್ತು ಪೂರೈಸುವುದು ಮಲ್ಟಿವೋಲ್ಟೈನ್. ಈ 'ವೋಲ್ಟಾ'ದ ಹಿಂದಿರುವ ಲ್ಯಾಟಿನ್ ಧಾತು 'ವೊಲ್ವೆರೆ', ಉರುಳು ಅಥವಾ ಸುತ್ತು ಎಂದರ್ಥ. ಮತ್ತೆ ಮತ್ತೆ ಸುತ್ತುವುದು 'ರಿವಾಲ್ವ್', ಒಳಗೆ ಸುತ್ತಿಕೊಳ್ಳುವುದು 'ಇನ್ವಾಲ್ವ್', ಸುರುಳಿ ಬಿಚ್ಚಿಕೊಳ್ಳುವುದು 'ಇವಾಲ್ವ್'. ಹಿಂದಿನ ಕಾಲದ ಪುಸ್ತಕ ಸುರುಳಿಯಾಗಿ ಸುತ್ತಿದ ಹಾಳೆಯಾಗಿದ್ದುದರಿಂದ ಸಂಪುಟಕ್ಕೆ 'ವಾಲ್ಯೂಮ್' ಎಂಬ ಹೆಸರು ಬಂದಿತು.

ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ರೈತರು ಇದನ್ನು 'ಜ್ವರ' ಎನ್ನುತ್ತಾರೆ. ಹುಳು ಮೇವು ಬಿಟ್ಟು ತಲೆಯೆತ್ತಿ ಸ್ತಬ್ಧವಾಗುವುದನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ಹೇಳಬೇಕಿಲ್ಲ. ಇಂಗ್ಲಿಷಿನಲ್ಲಿ ಅದು 'ಮೋಲ್ಟ್'. ಇದರ ಮೂಲ 'ಮುತಾರೆ', ಬದಲಾಗು. ಜೀವಶಾಸ್ತ್ರದ 'ಮ್ಯುಟೇಷನ್', ಗಣಿತದ 'ಪರ್ಮ್ಯುಟೇಷನ್', ಬದಲಿಸಲಾಗದ್ದೆಂಬ ಅರ್ಥದ 'ಇಮ್ಯುಟೆಬಲ್' ಒಂದೇ ಬಳ್ಳಿಯವು. ಭೂಮಿಯ ಖಾತೆ ಬದಲಾವಣೆಗೆ ಕಂದಾಯ ಇಲಾಖೆಯವರು 'ಮ್ಯುಟೇಷನ್' ಎನ್ನುವುದನ್ನು ತಾಲ್ಲೂಕು ಕಚೇರಿಗೆ ಅಲೆದ ರೈತರೆಲ್ಲ ಕೇಳಿಯೇ ಇರುತ್ತಾರೆ. ಹುಳುವಿನ ಜ್ವರ, ಜಮೀನಿನ ಖಾತೆ, ಜೀವಕೋಶದ ವ್ಯತ್ಯಯ ಮೂರೂ ಒಂದು ಪದದಡಿ ಸೇರಿದಾಗ ಆ ಪದವನ್ನು ಮರೆಯುವುದು ಕಷ್ಟ.

ಊರಿನ ಬೆಟ್ಟಗಳೂ ಪದ ಕೊಡುತ್ತವೆ. ರಾಮನಗರವು ಹಿಂದೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಕ್ಲೋಸ್‌ಪೇಟೆ ಆಗಿತ್ತು. ಊರಿನ ಆ ಹೆಸರು ಅಳಿದರೂ, ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿಯ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟ್ ಗ್ರಾನೈಟ್' ಎನ್ನುತ್ತಾರೆ. 'ಗ್ರಾನೈಟ್' ಎಂದರೆ ಕಾಳುಕಾಳಾದ ಕಲ್ಲು. ಲ್ಯಾಟಿನ್ನಿನ 'ಗ್ರಾನುಮ್' ಎಂದರೆ ಕಾಳು. 'ಗ್ರೇನ್', 'ಗ್ರ್ಯಾನ್ಯೂಲ್', ಕಣಜವೆಂಬ ಅರ್ಥದ 'ಗ್ರ್ಯಾನರಿ', ಬೀಜ ತುಂಬಿದ ಹಣ್ಣಾದ 'ಪಾಮ್‌ಗ್ರಾನೇಟ್' ಇದೇ ಕುಲದವು. ಬೆಳ್ಳಿಯ ಎಳೆ ಮತ್ತು ಸಣ್ಣ ಕಾಳುಗಳಿಂದ ಹೆಣೆದ ಕುಸುರಿ ಕೆಲಸಕ್ಕೆ ಇಂಗ್ಲಿಷಿನಲ್ಲಿ 'ಫಿಲಿಗ್ರಿ' ಎಂದು ಹೆಸರು. ಅದರಲ್ಲಿ 'ಫೀಲುಮ್', 'ಗ್ರಾನುಮ್' ಎರಡೂ ಇವೆ: ಮಾರುಕಟ್ಟೆಯ ನೂಲು, ಬೆಟ್ಟದ ಕಾಳು.

ಚನ್ನಪಟ್ಟಣದ ಬೊಂಬೆ, ಕಣ್ಣಿನ ಪಾಪೆ

ಗೂಡಿನೊಳಗಿನ ಕೋಶಾವಸ್ಥೆಯ ಹುಳು 'ಪ್ಯೂಪಾ'. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಬೊಂಬೆ, ಪುಟ್ಟ ಹುಡುಗಿ ಎಂಬ ಅರ್ಥ. ಕೈಕಾಲು ಮಡಚಿ ಬಟ್ಟೆ ಸುತ್ತಿದ ಬೊಂಬೆಯಂತೆ ಕಾಣುವುದರಿಂದ ಹದಿನೆಂಟನೆಯ ಶತಮಾನದಲ್ಲಿ ಲಿನೇಯಸ್ ಕೀಟಗಳ ಈ ಅವಸ್ಥೆಗೆ ಆ ಹೆಸರನ್ನು ಬಳಸಿದ. ಸೂತ್ರದ ಬೊಂಬೆಯಾದ 'ಪಪೆಟ್' ಇದರ ಬಂಧು. ಕಣ್ಣಿನ ಪಾಪೆಯಾದ 'ಪ್ಯೂಪಿಲ್' ಕೂಡ ಬಂಧುವೇ. ಎದುರಿನವರ ಕಣ್ಣಿನಲ್ಲಿ ನೋಡುವವನ ಪ್ರತಿಬಿಂಬ ಪುಟ್ಟ ಬೊಂಬೆಯಂತೆ ತೋರುತ್ತದೆಯಲ್ಲವೆ?

ಕನ್ನಡಿಗರಿಗೆ ಈ ಕಲ್ಪನೆ ಹೊಸದಲ್ಲ. ಕನ್ನಡದ 'ಪಾಪೆ' ಎಂಬ ಪದಕ್ಕೆ ಕಣ್ಣಗೊಂಬೆ ಎಂಬ ಅರ್ಥವೂ ಬೊಂಬೆ ಎಂಬ ಅರ್ಥವೂ ಇದೆ. ಸಂಸ್ಕೃತದ 'ಕನೀನಿಕೆ' ಎಂದರೂ ಕಣ್ಣಪಾಪೆ ಮತ್ತು ಚಿಕ್ಕ ಹುಡುಗಿ. ಪಾಪೆ ಮತ್ತು ಪ್ಯೂಪಾಗಳ ಉಚ್ಚಾರದ ಹೋಲಿಕೆ ಆಕಸ್ಮಿಕವೆಂದೇ ಹೇಳಬೇಕು. ದೂರದೂರದ ಜನರು ಕಣ್ಣಿನಲ್ಲಿ ಬೊಂಬೆಯನ್ನು ಕಂಡುದು ಮಾತ್ರ ಒಂದೇ ಬಗೆಯಾಗಿ. ಬೊಂಬೆಗಳ ಊರಾದ ಚನ್ನಪಟ್ಟಣದ ಪಕ್ಕದಲ್ಲಿ ಬೆಳೆದ ಮಗುವಿಗೆ 'ಪ್ಯೂಪಾ' ಎಂಬುದನ್ನು ಕಂಠಪಾಠ ಮಾಡಿಸುವ ಅಗತ್ಯವೇ ಬೀಳದು.

ಆ ಬೊಂಬೆಗಳ ಮೇಲಿನ ಹೊಳಪಾದ 'ಲ್ಯಾಕರ್' ಇಂಗ್ಲಿಷಿಗೆ ಹೋಗಿರುವುದು ಇಲ್ಲಿಂದಲೇ. ಸಂಸ್ಕೃತದ 'ಲಾಕ್ಷಾ', ಅಂದರೆ ಅರಗು, ಪೋರ್ಚುಗೀಸರ ಬಾಯಿಂದ ಯುರೋಪನ್ನು ತಲುಪಿತು. ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯನ್ನು ಲಾಕ್ಷಾಗೃಹವೆಂದು ಕರೆಯುವುದನ್ನು ಬಲ್ಲವರಿಗೆ 'ಲ್ಯಾಕರ್' ಪರಕೀಯ ಪದವಲ್ಲ.

ಕನ್ನಡ ಪಠ್ಯಪುಸ್ತಕದಲ್ಲಿ ಅಡಗಿರುವ ಕೀಲಿ

ಕನ್ನಡ ಮಾಧ್ಯಮದ ವಿಜ್ಞಾನ, ಗಣಿತ ಪುಸ್ತಕಗಳ ಸಂಸ್ಕೃತಮಯ ಪಾರಿಭಾಷಿಕ ಪದಗಳನ್ನು ಹಳಿಯುವವರು ಬಹಳ. ಆಕ್ಷೇಪಣೆ ಹಲವೆಡೆ ನ್ಯಾಯವಾದುದೇ. ಆದರೆ ಇಂಗ್ಲಿಷ್ ಕಲಿಯುವವರಿಗೆ ಆ ಪದಗಳು ಅನಿರೀಕ್ಷಿತವಾಗಿ ಒದಗಿಬರುತ್ತವೆ. ಅವುಗಳಲ್ಲಿ ಅನೇಕವು ಗ್ರೀಕ್, ಲ್ಯಾಟಿನ್ ಪದಗಳನ್ನು ತುಂಡುತುಂಡಾಗಿ ಬಿಡಿಸಿ, ಪ್ರತಿ ತುಂಡಿಗೂ ಸಮನಾದ ತುಂಡನ್ನಿಟ್ಟು ಕಟ್ಟಿದವು.

ವೃತ್ತಕ್ಕೆ ಎಳೆಯುವ 'ಟ್ಯಾಂಜೆಂಟ್' ಕನ್ನಡದಲ್ಲಿ 'ಸ್ಪರ್ಶಕ'. ಲ್ಯಾಟಿನ್ನಿನಲ್ಲೂ ಅದರ ಅರ್ಥ ಮುಟ್ಟುವುದು ಎಂದೇ. ಸ್ಪರ್ಶಕವನ್ನು ಶಾಲೆಯಲ್ಲೇ ಕೇಳಿದ ವಿದ್ಯಾರ್ಥಿಗೆ, ಮುಟ್ಟಿ ನೋಡಬಹುದಾದದ್ದು 'ಟ್ಯಾಂಜಿಬಲ್', ಮುಟ್ಟಿದರೆ ಅಂಟುವ ರೋಗ 'ಕಂಟೇಜಿಯಸ್', ಯಾರೂ ಮುಟ್ಟದೆ ಹಾಗೆಯೇ ಉಳಿದದ್ದು 'ಇಂಟ್ಯಾಕ್ಟ್' ಎಂಬುದನ್ನು ಐದು ನಿಮಿಷದಲ್ಲಿ ಹೇಳಬಹುದು. 'ಫೋಟೋಸಿಂಥಿಸಿಸ್' ಎಂಬ ಉದ್ದನೆಯ ಪದ 'ದ್ಯುತಿಸಂಶ್ಲೇಷಣೆ'ಯ ಅಚ್ಚು: ದ್ಯುತಿ ಎಂದರೆ 'ಫೋಟೋ', ಸಂ ಎಂದರೆ 'ಸಿನ್', ಶ್ಲೇಷಣೆ ಎಂದರೆ 'ಥೀಸಿಸ್'. ಇದೇ 'ಸಿನ್' ರೂಪ ಬದಲಿಸಿ 'ಸಿಂಪಥಿ'ಯಲ್ಲಿ ಕುಳಿತಿದೆ. ಕನ್ನಡದ ಸಹಾನುಭೂತಿಯೂ ಸಹ ಮತ್ತು ಅನುಭೂತಿ ಎಂದೇ ಒಡೆಯುತ್ತದೆ.

ಇನ್ನು ಸಂಸ್ಕೃತ, ಲ್ಯಾಟಿನ್, ಗ್ರೀಕ್ ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ 1786ರಲ್ಲೇ ಹೇಳಿದ್ದರು. ಕನ್ನಡ ಬೇರೆಯೇ ಆದ ದ್ರಾವಿಡ ಕುಟುಂಬದ ಭಾಷೆ. ಆದರೂ ಅದು ಸಂಸ್ಕೃತದಿಂದ ಎರವಲು ಪಡೆದ ಪದಗಳ ಮೂಲಕ ಈ ದೂರದ ನಂಟು ಕನ್ನಡಿಗರ ಕೈಗೂ ಎಟಕುತ್ತದೆ. ಅಗ್ನಿ ಮತ್ತು 'ಇಗ್ನೈಟ್', ದಂತ ಮತ್ತು 'ಡೆಂಟಲ್', ನವ ಮತ್ತು 'ನಾವೆಲ್', ಪಾದ ಮತ್ತು 'ಪೆಡೆಸ್ಟ್ರಿಯನ್', ಜೋಡಣೆಯ ಅರ್ಥದ ಯೋಗ ಮತ್ತು 'ಕಾಂಜುಗಲ್' ಇವುಗಳ ಸಾಮ್ಯ ಆಕಸ್ಮಿಕವಲ್ಲ.

ಮೋಸಗೊಳಿಸುವ ಹೋಲಿಕೆಗಳು

ಬೇರು ಹಿಡಿದು ಹೋಗುವ ದಾರಿಯಲ್ಲಿ ಗುಂಡಿಗಳೂ ಉಂಟು. 'ಬೈವೋಲ್ಟೈನ್' ತಿಳಿದವನು ವಿದ್ಯುತ್ತಿನ 'ವೋಲ್ಟ್' ಕೂಡ ಸುತ್ತುವುದಕ್ಕೆ ಸಂಬಂಧಿಸಿದ್ದೆಂದು ತಿಳಿದರೆ ಎಡವಿದಂತೆ; ಅದು ವಿಜ್ಞಾನಿ ಅಲೆಸಾಂಡ್ರೊ ವೋಲ್ಟಾನ ಹೆಸರಿನಿಂದ ಬಂದ ಮಾನ. ಕಾಲೇಜು ವಿಶ್ವವಿದ್ಯಾಲಯಕ್ಕೆ 'ಅಫಿಲಿಯೇಟ್' ಆಗಿರುವುದರಲ್ಲಿ ನೂಲಿಲ್ಲ, ಮಗನಿದ್ದಾನೆ: 'ಫೀಲಿಯುಸ್' ಎಂದರೆ ಮಗ, ಅಂದರೆ ಕಾಲೇಜನ್ನು ದತ್ತು ಪಡೆದಂತೆ. 'ಫಿಲಾಸಫಿ'ಯಲ್ಲಿರುವುದು ಪ್ರೀತಿ ಎಂಬ ಅರ್ಥದ ಗ್ರೀಕ್ ಪದ.

'ಡೆನಿಯರ್' ಇನ್ನೊಂದು ಬಗೆಯ ಬಲೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೆನಿಯರ್ ಎಂಬುದು ರೀಲರುಗಳಿಗೆ ಗೊತ್ತು. ರೋಮನರ 'ದೆನಾರಿಯುಸ್' ನಾಣ್ಯ ಇದರ ಮೂಲ. ಗುಪ್ತರ ಕಾಲದ ಶಾಸನಗಳಲ್ಲಿ ಬರುವ 'ದೀನಾರ'ವೂ ಅದೇ ನಾಣ್ಯದ ಹೆಸರು. ಆದರೆ ಪತ್ರಿಕೆಗಳಲ್ಲಿ 'ಕ್ಲೈಮೇಟ್ ಡಿನೈಯರ್' ಎಂದು ಕಂಡರೆ ಅಕ್ಷರಗಳು ಒಂದೇ ಆಗಿದ್ದರೂ ಅದು ನೂಲಿನ ಮಾಪನವಲ್ಲ, ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವ ವ್ಯಕ್ತಿ. ಉಚ್ಚಾರವೂ ಬೇರೆ.

ಧಾತು ಪದದ ಹುಟ್ಟನ್ನು ಹೇಳುತ್ತದೆಯೇ ಹೊರತು ಇಂದಿನ ನಡತೆಯನ್ನು ಹೇಳುವುದಿಲ್ಲ. 'ಮ್ಯಾನ್ಯುಫ್ಯಾಕ್ಚರ್' ಎಂದರೆ ಮೂಲದಲ್ಲಿ ಕೈಯಿಂದ ಮಾಡಿದ್ದು. ಇಂದು ಯಂತ್ರದಿಂದ ಮಾಡಿದ್ದೇ ಹೆಚ್ಚು. 'ನೈಸ್' ಎಂಬುದರ ಲ್ಯಾಟಿನ್ ಮೂಲಕ್ಕೆ ಅಜ್ಞಾನಿ ಎಂಬ ಅರ್ಥವಿತ್ತು. ಆದುದರಿಂದ ಬೇರಿನಿಂದ ಊಹಿಸಿದ ಅರ್ಥವನ್ನು ನಿಘಂಟಿನಲ್ಲಿ ತಾಳೆ ನೋಡದೆ ಉತ್ತರಪತ್ರಿಕೆಯಲ್ಲಿ ಬರೆಯುವುದು ಸಾಹಸವೇ ಸರಿ.

ಮೌನಾಕ್ಷರಗಳ ಬಗ್ಗೆ ಒಂದು ಮಾತು. ಬರೆದಂತೆ ಓದುವ ಕನ್ನಡಕ್ಕೆ ಒಗ್ಗಿದವರಿಗೆ ಇಂಗ್ಲಿಷ್ ಕಾಗುಣಿತ ಅನ್ಯಾಯವೆನಿಸುತ್ತದೆ. ಆದರೆ 'ಸೈನ್' ಪದದಲ್ಲಿ ಸುಮ್ಮನಿರುವ 'ಜಿ' ಅಕ್ಷರ 'ಸಿಗ್ನೇಚರ್'ನಲ್ಲಿ ಬಾಯಿ ಬಿಡುತ್ತದೆ. 'ಡೆಟ್' ಪದದ ಮೌನ 'ಬಿ' ಬ್ಯಾಂಕ್ ಪಾಸ್‌ಬುಕ್ಕಿನ 'ಡೆಬಿಟ್'ನಲ್ಲಿ ಕೇಳಿಸುತ್ತದೆ. ಉಚ್ಚಾರಕ್ಕೆ ಅಡ್ಡಿಯಾದ ಅಕ್ಷರ ಎಷ್ಟೋ ವೇಳೆ ಕುಟುಂಬದ ಗುರುತಾಗಿರುತ್ತದೆ.

ಇನ್ನೂರು ವರ್ಷಗಳ ನಿಘಂಟು ಪರಂಪರೆ

ಇಂಗ್ಲಿಷ್ ಪದಗಳ ಅರ್ಥವನ್ನು ಕನ್ನಡದಲ್ಲಿ ಹೇಳುವ ಯತ್ನ ಇಂದು ನಿನ್ನೆಯದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್‌ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ-ಇಂಗ್ಲಿಷ್ ಭಾಗ 1832ರಲ್ಲಿ ಹೊರಬಂದಿತು. ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಪದಗಳ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ. ಇವೆಲ್ಲ ಮುಖ್ಯವಾಗಿ ಕನ್ನಡ ಕಲಿಯಬೇಕಿದ್ದ ಪರದೇಶೀಯರನ್ನು ಗಮನದಲ್ಲಿಟ್ಟುಕೊಂಡು ಸಿದ್ಧವಾದವು.

ಇಂಗ್ಲಿಷ್ ಓದಬೇಕಾದ ಕನ್ನಡಿಗನ ಕೈಗೆ ದೊಡ್ಡ ಪ್ರಮಾಣದ ಸಾಧನ ಸಿಕ್ಕಿದ್ದು ಮೈಸೂರು ವಿಶ್ವವಿದ್ಯಾನಿಲಯ 1946ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನು ಪ್ರಕಟಿಸಿದಾಗ. ಒಂದು ಇಂಗ್ಲಿಷ್ ಪದಕ್ಕೆ ಎಷ್ಟು ಅರ್ಥಚ್ಛಾಯೆಗಳಿವೆಯೋ ಅವನ್ನು ಬೇರೆಬೇರೆಯಾಗಿ ಬಿಡಿಸಿ, ಪ್ರತಿಯೊಂದಕ್ಕೂ ತಕ್ಕ ಕನ್ನಡವನ್ನು ಅರಸುವ ಕ್ರಮ ಅದರದು. ಮೇಲೆ ಹೇಳಿದ 'ಸ್ಯಾಂಕ್ಷನ್'ನಂತಹ ಗೊಂದಲಗಳು ಕರಗುವುದು ಇಂತಹ ನಿಘಂಟಿನ ಮುಂದೆಯೇ. ಮೊದಲ ಅರ್ಥವನ್ನು ಮಾತ್ರ ನೋಡಿ ಪುಟ ಮುಚ್ಚುವವರಿಗೆ ಆ ಲಾಭವಿಲ್ಲ.

ನಿಘಂಟು ಎಂದೊಡನೆ ನೆನಪಾಗುವ ಪ್ರೊ. ಜಿ. ವೆಂಕಟಸುಬ್ಬಯ್ಯನವರು (1913-2021) ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದಂತೆಯೇ, ಇಂಗ್ಲಿಷ್-ಕನ್ನಡ ನಿಘಂಟನ್ನೂ, ಕನ್ನಡಕ್ಕೆ ಬಂದ ಅನ್ಯಭಾಷೆಯ ಪದಗಳ 'ಎರವಲು ಪದಕೋಶ'ವನ್ನೂ ರಚಿಸಿದರು. ಪ್ರಜಾವಾಣಿಯಲ್ಲಿ 1991ರಲ್ಲಿ ಆರಂಭವಾದ ಅವರ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಒಂದೊಂದು ಪದದ ಬಗೆಗೆ ಸಂದೇಹ ಕೇಳುತ್ತಿದ್ದರು, ಅವರು ಮೂಲ, ಬಳಕೆ, ಅರ್ಥಗಳನ್ನು ಬಿಡಿಸಿ ಉತ್ತರಿಸುತ್ತಿದ್ದರು. ಪದವನ್ನು ಕುತೂಹಲದಿಂದ ಕೆದಕುವ ಅಭ್ಯಾಸವನ್ನು ಒಂದು ಪೀಳಿಗೆಗೆ ಅದು ಕಲಿಸಿತು. ಇಂಗ್ಲಿಷ್ ಪದಗಳಿಗೂ ಕನ್ನಡದಲ್ಲಿ ಅಂತಹುದೊಂದು ಅಂಕಣ ನಡೆಯಬಾರದೇಕೆ?

ಈಗ ನಿಘಂಟಿಗೆ ಹಣ ತೆರಬೇಕಾದ ಪ್ರಮೇಯವೂ ಕಡಿಮೆಯಾಗಿದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ಜಾಲತಾಣ 2016ರಿಂದ ಅನೇಕ ನಿಘಂಟುಗಳನ್ನು ಉಚಿತವಾಗಿ ತೆರೆದಿಟ್ಟಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಮನಸ್ಸಿನಲ್ಲಿರುವ ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಏನೆಲ್ಲ ಇದೆಯೆಂದು ಹಿಂದುಮುಂದಾಗಿ ಹುಡುಕಲು ಅದು ಉಪಯುಕ್ತ. ಮೊಬೈಲಿನ ಅನುವಾದ ಸಾಧನವನ್ನು ಒತ್ತಿ ಸಿಕ್ಕ ಒಂದು ಪದಕ್ಕೇ ತೃಪ್ತರಾಗುವುದು ಮಾತ್ರ ಮತ್ತೆ ಹಳೆಯ ಪಟ್ಟಿಯ ದೋಷಕ್ಕೇ ಮರಳಿದಂತೆ. 'ಕಂಡೋನ್' ಎಂಬುದಕ್ಕೆ 'ಕ್ಷಮಿಸು' ಎಂದು ಉತ್ತರ ಬರಬಹುದು. ತಪ್ಪೆಂದು ತಿಳಿದೂ ಕಂಡೂ ಕಾಣದಂತಿರುವುದು ಎಂಬ ಅದರ ಕೊಂಕು ಆ ಒಂದು ಪದದಲ್ಲಿಲ್ಲ.

ಎಷ್ಟು ಚೆನ್ನಾಗಿ ಅರ್ಥವಾದ ಪದವೂ ಮತ್ತೆ ಕಣ್ಣಿಗೆ ಬೀಳದಿದ್ದರೆ ಅಳಿಸಿಹೋಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ತೋರಿಸಿದಂತೆ ಮರೆವು ಮೊದಲ ಕೆಲವು ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ. ಆದ್ದರಿಂದ ಒಂದೇ ಕೂರಿನಲ್ಲಿ ಐವತ್ತು ಪದ ಉರು ಹೊಡೆಯುವುದಕ್ಕಿಂತ ಹತ್ತು ಪದಗಳನ್ನು ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ, ತಿಂಗಳ ಮೇಲೆ ತಿರುವಿ ನೋಡುವುದು ಫಲಕಾರಿ. ನೋಟ್‌ಬುಕ್ಕಿನಲ್ಲಿ ಪದದ ಎದುರು ಬರಿಯ ಅರ್ಥವನ್ನಷ್ಟೇ ಬರೆಯದೆ, ಅದರ ಬಂಧುಗಳನ್ನೂ ಅದು ಕಂಡುಬಂದ ವಾಕ್ಯವನ್ನೂ ಬರೆದಿಟ್ಟುಕೊಳ್ಳುವುದು ಒಳಿತು.

ಪದ ಮತ್ತೆ ಮತ್ತೆ ಎದುರಾಗಬೇಕಾದರೆ ಓದು ಬೇಕು, ಓದು ಸಾಗಬೇಕಾದರೆ ವಿಷಯ ಪರಿಚಿತವಾಗಿರಬೇಕು. ಹೊಸ ಪದಗಳೂ ಹೊಸ ವಿಷಯವೂ ಒಟ್ಟಿಗೆ ಎದುರಾದಾಗಲೇ ಓದುಗ ಸೋಲುವುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಹುಳು ಸಾಕಣೆ, ಹಿಪ್ಪುನೇರಳೆ ಬೇಸಾಯ, ರೋಗ ನಿಯಂತ್ರಣ ಕುರಿತಂತೆ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಕೈಪಿಡಿಗಳನ್ನು ಹೊರತಂದಿದೆ. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನೇ ಏಕೆ ಹಾಕಬೇಕು, ನಾಲ್ಕನೆಯ ಜ್ವರ ಎದ್ದ ಮೇಲೆ ಮೇವು ಎಷ್ಟು ಹೆಚ್ಚಬೇಕು, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಯಾವಾಗ ಬಿಡಬೇಕು ಎಂಬುದು ಆ ಮನೆಯ ಮಕ್ಕಳಿಗೆ ಓದುವ ಮೊದಲೇ ಗೊತ್ತು. ಇಂಗ್ಲಿಷ್ ಪುಟದಲ್ಲಿ ಅವರಿಗೆ ಹೊಸದಾಗಿ ಉಳಿಯುವುದು ಪದಗಳಷ್ಟೇ.